ಗಡ್ಡೆ ಎಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ

ಕೆಲವು ಮಾತುಗಳನ್ನು ನಮ್ಮ ಮನೆಗಳಲ್ಲಿ ಯಾರೂ ಜೋರಾಗಿ ಆಡುವುದಿಲ್ಲ. ‘ಗಡ್ಡೆ’ ಅಂಥ ಒಂದು ಮಾತು. ಆಸ್ಪತ್ರೆಯಿಂದ ಬಂದ ಅಮ್ಮ ಅಪ್ಪನ ಹತ್ತಿರ ಮೆಲ್ಲಗೆ ಹೇಳುತ್ತಾರೆ. ಅಪ್ಪ ಫೋನ್ ಹಿಡಿದುಕೊಂಡು ಹೊರಗೆ ಜಗಲಿಗೆ ಹೋಗಿ ಚಿಕ್ಕಪ್ಪನಿಗೆ ಹೇಳುತ್ತಾರೆ. ಮಕ್ಕಳು ಹತ್ತಿರ ಬಂದರೆ ಮಾತು ನಿಂತುಹೋಗುತ್ತದೆ. ಆದರೆ ಮಕ್ಕಳ ಕಿವಿ ಬಲು ಚುರುಕು. ‘ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ’ ಎಂಬಷ್ಟು ಕಿವಿಗೆ ಬಿದ್ದರೆ ಸಾಕು, ಉಳಿದದ್ದನ್ನು ಅವರೇ ಊಹಿಸಿಕೊಂಡು ರಾತ್ರಿಯೆಲ್ಲ ಹೆದರುತ್ತಾರೆ. ಅಜ್ಜಿಯೂ ಹೆದರುತ್ತಾರೆ, ಆದರೆ ತೋರಿಸಿಕೊಳ್ಳುವುದಿಲ್ಲ. ಆದ್ದರಿಂದ ಈ ವಾರ ಅಜ್ಜಿಯರೂ ಮೊಮ್ಮಕ್ಕಳೂ ಜೊತೆಯಲ್ಲೇ ಕೂತು ಓದಲಿ ಎಂದು ಈ ವಿಷಯ ಎತ್ತಿಕೊಂಡಿದ್ದೇನೆ.

ಹೆಂಗಸರ ಹೊಟ್ಟೆಯ ಕೆಳಭಾಗದಲ್ಲಿ, ಗರ್ಭಕೋಶದ ಎರಡು ಪಕ್ಕದಲ್ಲಿ ಎರಡು ಅಂಡಾಶಯಗಳಿವೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಇದರ ಚಿತ್ರವಿದೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ನಾವೆಲ್ಲರೂ ಅಲ್ಲಿಂದಲೇ ಬಂದವರು. ಅಂಡಾಶಯದ ಆಕಾರ ಬಾದಾಮಿಯಂತೆ, ಉದ್ದ ಸುಮಾರು 3 ಸೆಂಟಿಮೀಟರ್. ಇಷ್ಟು ಚಿಕ್ಕ ಅಂಗದಲ್ಲಿ ಬೆಳೆಯಬಹುದಾದ ಗಡ್ಡೆಗಳ ಬಗೆ ಮಾತ್ರ ಲೆಕ್ಕವಿಲ್ಲದಷ್ಟು. ಕೆಲವು ನೀರು ತುಂಬಿದ ಚೀಲದಂತೆ ಇರುತ್ತವೆ, ಇವಕ್ಕೆ ಸಿಸ್ಟ್ ಎನ್ನುತ್ತಾರೆ. ಕೆಲವು ಗಟ್ಟಿಯಾಗಿ ಆಲೂಗಡ್ಡೆಯಂತೆ ಇರುತ್ತವೆ. ಕೆಲವುದರೊಳಗೆ ಕೂದಲು, ಹಲ್ಲು ಕೂಡ ಇರುತ್ತದೆ! ಇದಕ್ಕೆ ಡರ್ಮಾಯ್ಡ್ ಎಂದು ಹೆಸರು. ಹಿಂದೆ ಜನ ಇದನ್ನು ಮಾಟವೆಂದೋ ಶಾಪವೆಂದೋ ತಿಳಿದು ಹೆದರಿದ್ದುಂಟು. ನಿಜ ಸಂಗತಿ ಬೇರೆ. ಚರ್ಮ, ಕೂದಲು, ಎಲುಬು, ಹಲ್ಲು ಎಲ್ಲವೂ ಆಗಬಲ್ಲ ಶಕ್ತಿ ಅಂಡಾಶಯದಲ್ಲಿರುವ ಮೊಟ್ಟೆಯ ಕಣಗಳಿಗೆ ಹುಟ್ಟಿನಿಂದಲೇ ಇದೆ. ಅಂಥ ಒಂದು ಕಣ ದಾರಿ ತಪ್ಪಿ ಬೆಳೆದರೆ ಹೀಗಾಗುತ್ತದೆ. ಇನ್ನೂ ಅಪರೂಪಕ್ಕೆ, ಕುತ್ತಿಗೆಯಲ್ಲಿರಬೇಕಾದ ಥೈರಾಯ್ಡ್ ಗ್ರಂಥಿಯ ಅಂಶವೇ ಅಂಡಾಶಯದಲ್ಲಿ ಗಡ್ಡೆಯಾಗಿ ಬೆಳೆಯುವುದೂ ಉಂಟು.

ಈಗ ಮುಖ್ಯವಾದ ಮಾತು. ಅಂಡಾಶಯದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಡ್ಡೆ ಎಂದರೆ ಪಾರ್ಥೇನಿಯಂ ಕಳೆ ಇದ್ದ ಹಾಗೆ. ಒಂದು ಹೊಲದಲ್ಲಿ ಹುಟ್ಟಿ ಪಕ್ಕದ ಹೊಲಕ್ಕೂ ನುಗ್ಗುತ್ತದೆ, ಗಾಳಿಯಲ್ಲಿ ಹಾರಿ ದೂರದಲ್ಲೂ ಬೇರು ಬಿಡುತ್ತದೆ. ಕ್ಯಾನ್ಸರ್ ಅಲ್ಲದ ಗಡ್ಡೆ ತನ್ನ ಜಾಗದಲ್ಲೇ ಬೆಳೆಯುತ್ತದೆ, ಬೇರೆ ಕಡೆ ಹರಡುವುದಿಲ್ಲ. ಆದರೆ ‘ಹಾಗಿದ್ದರೆ ಸುಮ್ಮನಿದ್ದರಾಯಿತು’ ಎನ್ನುವಂತಿಲ್ಲ. ಅದು ಬೆಳೆದು ಅಕ್ಕಪಕ್ಕದ ಅಂಗಗಳನ್ನು ಒತ್ತಬಹುದು, ತಿರುಚಿಕೊಳ್ಳಬಹುದು, ಒಡೆಯಬಹುದು. ಎಲ್ಲಕ್ಕಿಂತ ಮೊದಲು ಅದು ಯಾವ ಬಗೆಯದು ಎಂದು ಗೊತ್ತಾಗಬೇಕು. ಹೊರಗಿನಿಂದ ನೋಡಿ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಮೂರು ಕಥೆ ಹೇಳುತ್ತೇನೆ. ಮೂರೂ ನಡೆದದ್ದೇ.

ಮೊದಲನೆಯದು ಅಮೆರಿಕದ ಕೆಂಟಕಿ ಸೀಮೆಯದು. 1809ನೇ ಇಸವಿ. ಜೇನ್ ಟಾಡ್ ಕ್ರಾಫರ್ಡ್ ಎಂಬ 46 ವರ್ಷದ ಹೆಂಗಸಿಗೆ ಹೊಟ್ಟೆ ದಪ್ಪವಾಗುತ್ತ ಹೋಯಿತು. ಊರಿನ ವೈದ್ಯರು ಬಸಿರು ಎಂದರು. ದಿನ ತುಂಬಿತು, ಮೀರಿತು, ಹೆರಿಗೆ ಮಾತ್ರ ಆಗಲಿಲ್ಲ. ಆಗ ಡ್ಯಾನ್‌ವಿಲ್ ಎಂಬ ಊರಿನಿಂದ ಎಫ್ರೇಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯರನ್ನು ಕರೆಸಿದರು. ಅವರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿ, ಗರ್ಭಕೋಶ ಖಾಲಿ ಇದೆ, ಇದು ಅಂಡಾಶಯದ ಗಡ್ಡೆ ಎಂದು ಹೇಳಿದರು. ಅಲ್ಲಿಯವರೆಗೆ ಇಂಥ ಗಡ್ಡೆಯನ್ನು ಹೊಟ್ಟೆ ಕುಯ್ದು ತೆಗೆದು ರೋಗಿಯನ್ನು ಉಳಿಸಿದ ದಾಖಲೆ ಇರಲಿಲ್ಲ. ಮ್ಯಾಕ್‌ಡೊವೆಲ್ ಇದನ್ನು ಮುಚ್ಚಿಡಲಿಲ್ಲ. ‘ನಿಮಗೆ ಒಪ್ಪಿಗೆಯಾದರೆ ಡ್ಯಾನ್‌ವಿಲ್‌ಗೆ ಬನ್ನಿ, ಪ್ರಯತ್ನ ಮಾಡುತ್ತೇನೆ’ ಎಂದರು.

ಆಕೆ ಒಪ್ಪಿದರು. ಡ್ಯಾನ್‌ವಿಲ್‌ಗೆ 60 ಮೈಲಿ, ಅಂದರೆ ಹತ್ತಿರ ಹತ್ತಿರ ಬೆಂಗಳೂರಿನಿಂದ ಮಂಡ್ಯದಷ್ಟು ದೂರ. ಡಿಸೆಂಬರಿನ ಚಳಿಯಲ್ಲಿ, ಆ ಹೊಟ್ಟೆಯನ್ನು ಹೊತ್ತುಕೊಂಡು, ಕುದುರೆಯ ಮೇಲೆ ಕೂತು ಆಕೆ ಬಂದರು. ಕ್ರಿಸ್‌ಮಸ್ ದಿನ ವೈದ್ಯರ ಮನೆಯಲ್ಲೇ ಶಸ್ತ್ರಚಿಕಿತ್ಸೆ ಆಯಿತು. ನೋವು ತಿಳಿಯದಂತೆ ಮಾಡುವ ಅರಿವಳಿಕೆ ಆಗಿನ್ನೂ ಬಂದಿರಲಿಲ್ಲ. ಈಥರ್ ಕೊಟ್ಟು ಜನರೆದುರು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರಲ್ಲಿ. ಕೀವಾಗದಂತೆ ಗಾಯವನ್ನು ಶುಚಿಯಾಗಿಡುವ ಲಿಸ್ಟರ್ ಅವರ ಕ್ರಮ ಬಂದದ್ದು 1867ರಲ್ಲಿ. ಜೇನ್ ಎಚ್ಚರವಾಗಿದ್ದುಕೊಂಡೇ, ದೇವರ ಸ್ತುತಿ ಹೇಳುತ್ತ 25 ನಿಮಿಷ ತಡೆದುಕೊಂಡರಂತೆ. ತೆಗೆದ ಗಡ್ಡೆಯ ತೂಕ ಇಪ್ಪತ್ತೆರಡೂವರೆ ಪೌಂಡ್, ಅಂದರೆ 10 ಕಿಲೋಗೂ ಸ್ವಲ್ಪ ಹೆಚ್ಚು. ಮಕ್ಕಳೇ, ಮನೆಯಲ್ಲಿ 10 ಕಿಲೋ ಅಕ್ಕಿ ಚೀಲ ಇದ್ದರೆ ಒಮ್ಮೆ ಎತ್ತಿ ನೋಡಿ.

ಐದನೇ ದಿನ ವೈದ್ಯರು ನೋಡಲು ಹೋದಾಗ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಮಾಡುತ್ತಿದ್ದರು. 25 ದಿನಕ್ಕೆ ಊರಿಗೆ ಹೊರಟರು. ಆಮೇಲೆ 32 ವರ್ಷ ಬದುಕಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಗಡ್ಡೆ ಕ್ಯಾನ್ಸರ್ ಆಗಿದ್ದರೆ ಇಷ್ಟು ಕಾಲ ಬದುಕುವ ಸಾಧ್ಯತೆ ಕಡಿಮೆ ಇತ್ತು. ಮ್ಯಾಕ್‌ಡೊವೆಲ್ ಆತುರಪಟ್ಟು ಡಂಗುರ ಸಾರಲಿಲ್ಲ. ಇನ್ನೂ ಇಬ್ಬರಿಗೆ ಇದೇ ಚಿಕಿತ್ಸೆ ಮಾಡಿದ ಮೇಲೆ, 1817ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇಂದು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಕೆಂಟಕಿ ರಾಜ್ಯದ ಪರವಾಗಿ ಅವರ ಪ್ರತಿಮೆ ಇದೆ.

ಎರಡನೇ ಕಥೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ್ದು. ಬಾವಲಿ ಕತ್ತಲೆಯಲ್ಲಿ ಕೂಗು ಹಾಕಿ, ಅದರ ಮರುದನಿ ಕೇಳಿ ದಾರಿ ಕಂಡುಕೊಳ್ಳುತ್ತದೆ ಎಂದು ಮಕ್ಕಳು ಓದಿದ್ದೀರಿ. ಸಮುದ್ರದಲ್ಲಿ ಮುಳುಗಿರುವ ಜಲಾಂತರ್ಗಾಮಿಯನ್ನು ಪತ್ತೆ ಮಾಡುವುದೂ ಹೀಗೆಯೇ. ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯರು ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದವರು. ಇಂಥ ಯಂತ್ರಗಳ ವಿಷಯ ಅವರಿಗೆ ಗೊತ್ತಿತ್ತು. ದೊಡ್ಡ ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೋಹದೊಳಗಿನ ಬಿರುಕನ್ನು ಇದೇ ಬಗೆಯ ಶಬ್ದದಿಂದ ಪತ್ತೆ ಮಾಡುತ್ತಾರೆಂದು ತಿಳಿದು, 1955ರ ಜುಲೈನಲ್ಲಿ ಅಲ್ಲಿಗೆ ಹೋದರು. ಹೇಗೆ ಹೋದರು ಗೊತ್ತೇ? ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು! ಕಾರ್ಖಾನೆಯವರು ಹೋಲಿಸಿ ನೋಡಲು ಒಂದು ದೊಡ್ಡ ಮಾಂಸದ ತುಂಡನ್ನೂ ತರಿಸಿದರು. ನೀರು ತುಂಬಿದ ಸಿಸ್ಟಿನ ಮರುದನಿ ಒಂದು ತರಹ, ಗಟ್ಟಿ ಗಡ್ಡೆಯ ಮರುದನಿ ಇನ್ನೊಂದು ತರಹ ಬಂತು. ಡೊನಾಲ್ಡ್‌ಗೆ ಬೇಕಾಗಿದ್ದದ್ದು ಅದೇ.

ಆಮೇಲೆ ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್ ಜೊತೆ ಸೇರಿ ಯಂತ್ರವನ್ನು ಸುಧಾರಿಸಿದರು. ಅಷ್ಟರಲ್ಲಿ ಒಬ್ಬ ಹೆಂಗಸಿನ ಪ್ರಸಂಗ ಬಂತು. ಆಕೆಯ ಹೊಟ್ಟೆ ವಿಪರೀತ ಉಬ್ಬಿತ್ತು. ಜಠರದ ಕ್ಯಾನ್ಸರ್, ಹೊಟ್ಟೆಯಲ್ಲಿ ನೀರು ತುಂಬಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ತೀರ್ಮಾನವಾಗಿತ್ತು. ಡೊನಾಲ್ಡ್ ತಂಡದವರು ತಮ್ಮ ಯಂತ್ರವನ್ನು ಹೊಟ್ಟೆಯ ಮೇಲೆ ಇಟ್ಟು ನೋಡಿದರು. ಅದು ಹರಡಿಕೊಂಡ ನೀರಲ್ಲ, ಒಂದೇ ದೊಡ್ಡ ಚೀಲದೊಳಗಿನ ನೀರು ಎಂದು ಮರುದನಿ ಹೇಳಿತು. ಶಸ್ತ್ರಚಿಕಿತ್ಸೆ ಮಾಡಿದರೆ ಸಿಕ್ಕಿದ್ದು ಅಂಡಾಶಯದ ಸಿಸ್ಟ್. ಕ್ಯಾನ್ಸರ್ ಅಲ್ಲ. ಸಾಯುತ್ತಾರೆಂದು ಎಲ್ಲರೂ ಕೈಬಿಟ್ಟಿದ್ದ ಹೆಂಗಸು ಎದ್ದು ಮನೆಗೆ ಹೋದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್, ಬ್ರೌನ್ ಮತ್ತು ಜಾನ್ ಮ್ಯಾಕ್‌ವಿಕಾರ್ ಬರೆದ ಲೇಖನ ಬಂತು. ಇಂದು ನಮ್ಮ ಊರುಗಳಲ್ಲಿ ‘ಸ್ಕ್ಯಾನಿಂಗ್’ ಎನ್ನುವುದು ಅದರ ಮೊಮ್ಮಗು.

ಮೂರನೇ ಕಥೆ ಎಲ್ಲಕ್ಕಿಂತ ವಿಚಿತ್ರ. ಬಾಸ್ಟನ್ ನಗರದ ಜೋ ವಿನ್ಸೆಂಟ್ ಮೀಗ್ಸ್ ಎಂಬ ವೈದ್ಯರು 1937ರಲ್ಲಿ ತಮ್ಮ ಸಹೋದ್ಯೋಗಿ ಕ್ಯಾಸ್ ಅವರೊಂದಿಗೆ ಏಳು ಹೆಂಗಸರ ವಿಷಯ ಬರೆದರು. ಏಳು ಜನರಿಗೂ ಮೂರು ಲಕ್ಷಣಗಳಿದ್ದವು: ಅಂಡಾಶಯದಲ್ಲಿ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ಶ್ವಾಸಕೋಶದ ಸುತ್ತ ನೀರು. ಯಾರು ನೋಡಿದರೂ ಇದು ಕ್ಯಾನ್ಸರ್, ಎದೆಯವರೆಗೂ ಹರಡಿದೆ, ಕೈಮೀರಿದೆ ಎನ್ನುವಂಥ ಚಿತ್ರ. ಆದರೆ ಗಡ್ಡೆ ಫೈಬ್ರೋಮಾ ಎಂಬ ಜಾತಿಯದು, ಕ್ಯಾನ್ಸರ್ ಅಲ್ಲ. ಅದನ್ನು ತೆಗೆದರೆ ಹೊಟ್ಟೆಯ ನೀರೂ ಎದೆಯ ನೀರೂ ತಾವಾಗಿಯೇ ಬತ್ತಿಹೋಗುತ್ತಿದ್ದವು! ಗಡ್ಡೆ ತೆಗೆಯದೆ ಸೂಜಿ ಹಾಕಿ ನೀರನ್ನಷ್ಟೇ ತೆಗೆದರೆ ಮತ್ತೆ ತುಂಬುತ್ತಿತ್ತು. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಇದಕ್ಕೆ ಮೀಗ್ಸ್ ಸಿಂಡ್ರೋಮ್ ಎಂದೇ ಹೆಸರಾಯಿತು. ಇವರಿಗಿಂತ 50 ವರ್ಷ ಮುಂಚೆ, 1887ರಲ್ಲಿ ಫ್ರಾನ್ಸಿನ ಡೆಮೋನ್ಸ್ ಎಂಬ ವೈದ್ಯರೂ ಇಂಥದ್ದನ್ನು ಗಮನಿಸಿದ್ದರು. ಆದ್ದರಿಂದ ಕೆಲವರು ಎರಡೂ ಹೆಸರು ಸೇರಿಸಿ ಕರೆಯುತ್ತಾರೆ.

ಇದು ತೀರ ಅಪರೂಪ. ಫೈಬ್ರೋಮಾ ಇರುವ ನೂರು ಜನರಲ್ಲಿ ಒಬ್ಬರಿಗೆ ಬಂದರೆ ಬಂದೀತು. ಹೆಚ್ಚಾಗಿ ಮುಟ್ಟು ನಿಂತ ವಯಸ್ಸಿನವರಿಗೆ ಬರುತ್ತದೆ. ಉಸಿರಾಡಲು ಕಷ್ಟವಾಗುವುದರಿಂದ ಅವರು ಮೊದಲು ಹೋಗುವುದು ಎದೆಯ ಡಾಕ್ಟರ ಹತ್ತಿರ. ಎದೆಯ ನೀರು ಹೆಚ್ಚಾಗಿ ಬಲಗಡೆ ತುಂಬುತ್ತದೆ. ಹೊಟ್ಟೆಯಲ್ಲೂ ಎದೆಯಲ್ಲೂ ನೀರು ತುಂಬಲು ನಮ್ಮ ದೇಶದಲ್ಲಿ ಇನ್ನೊಂದು ಕಾರಣವಿದೆ, ಅದು ಕ್ಷಯ. ಹೀಗೆ ಮೂರು ಬೇರೆ ಬೇರೆ ಕಾಯಿಲೆಗಳು ಒಂದೇ ಮುಖವಾಡ ಹಾಕಿಕೊಂಡು ಬರುತ್ತವೆ. ಒಂದಕ್ಕೆ ಆರು ತಿಂಗಳು ಮಾತ್ರೆ ಬೇಕು, ಒಂದಕ್ಕೆ ದೊಡ್ಡ ಚಿಕಿತ್ಸೆ ಬೇಕು, ಒಂದು ಗಡ್ಡೆ ತೆಗೆದರೆ ಮುಗಿಯಿತು.

ಹಾಗಾದರೆ ಡಾಕ್ಟರು ಹೇಗೆ ಅಂದಾಜು ಮಾಡುತ್ತಾರೆ? ಇಲ್ಲಿ ಒಂದು ಲೆಕ್ಕವಿದೆ. ಲೆಕ್ಕ ಎಂದರೆ ನನಗೆ ಖುಷಿ, ಬ್ಯಾಂಕಿನಲ್ಲಿ ಅನ್ನ ಕೊಟ್ಟಿದ್ದೇ ಅದು. 1990ರಲ್ಲಿ ಇಂಗ್ಲೆಂಡಿನ ಇಯಾನ್ ಜೇಕಬ್ಸ್ ಮತ್ತು ಸಂಗಡಿಗರು ಮಾಡಿದ ಲೆಕ್ಕ. ಮೂರು ಅಂಕಿಗಳನ್ನು ಗುಣಿಸಬೇಕು.

ಮೊದಲನೆಯದು ಸ್ಕ್ಯಾನಿಂಗ್ ಅಂಕಿ. ಗಡ್ಡೆಯಲ್ಲಿ ಹಲವು ಕೋಣೆಗಳಿವೆಯೇ, ಗಟ್ಟಿ ಭಾಗವಿದೆಯೇ, ಎರಡೂ ಕಡೆ ಇದೆಯೇ, ಹೊಟ್ಟೆಯಲ್ಲಿ ನೀರಿದೆಯೇ, ಬೇರೆ ಕಡೆ ಹರಡಿದ ಗುರುತಿದೆಯೇ ಎಂದು ಐದು ಪ್ರಶ್ನೆ. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಎರಡನೆಯದು ವಯಸ್ಸಿನ ಅಂಕಿ. ಮುಟ್ಟು ನಿಂತಿಲ್ಲದಿದ್ದರೆ 1, ನಿಂತಿದ್ದರೆ 3. ಮೂರನೆಯದು ರಕ್ತದಲ್ಲಿ ಸಿಎ-125 ಎಂಬ ವಸ್ತು ಎಷ್ಟಿದೆ ಎಂಬ ಅಂಕಿ. ಇದು ಸಾಮಾನ್ಯವಾಗಿ 35ಕ್ಕಿಂತ ಕಡಿಮೆ ಇರುತ್ತದೆ.

ಮಕ್ಕಳೇ, ಪೆನ್ಸಿಲ್ ತಗೊಳ್ಳಿ. ಒಬ್ಬ ಅಜ್ಜಿಗೆ ಸ್ಕ್ಯಾನಿಂಗಿನಲ್ಲಿ ಒಂದೇ ಗುರುತು, ರಕ್ತದ ಅಂಕಿ 20 ಎಂದುಕೊಳ್ಳಿ. 1 × 3 × 20 = 60. ಇನ್ನೊಬ್ಬ ಅಜ್ಜಿಗೆ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು, ರಕ್ತದ ಅಂಕಿ 200. 3 × 3 × 200 = 1800. ಸಾಮಾನ್ಯವಾಗಿ 200 ದಾಟಿದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಹಾಗಾದರೆ ಎರಡನೇ ಅಜ್ಜಿಗೆ ಕ್ಯಾನ್ಸರ್ ಎಂದೇ? ಇಲ್ಲ! ಮೀಗ್ಸ್ ಸಿಂಡ್ರೋಮ್ ಇದ್ದರೂ ಇಷ್ಟೇ ಅಂಕಿ ಬರಬಹುದು, ಏಕೆಂದರೆ ಅದರಲ್ಲೂ ಗಟ್ಟಿ ಗಡ್ಡೆ, ನೀರು ಎರಡೂ ಇರುತ್ತವೆ, ಸಿಎ-125 ಕೂಡ ಏರಬಹುದು. ಕ್ಷಯದಲ್ಲೂ ಅದು ಏರುತ್ತದೆ. ಈ ಲೆಕ್ಕ ‘ಯಾವ ಬಾಗಿಲು ತಟ್ಟಬೇಕು’ ಎಂದಷ್ಟೇ ಹೇಳುತ್ತದೆ. ತೀರ್ಪು ಹೇಳುವುದಿಲ್ಲ. ತೀರ್ಪು ಹೇಳುವುದು ಸೂಕ್ಷ್ಮದರ್ಶಕ. ಚೆಕ್ಕಿನ ಸಹಿ ಅನುಮಾನವಾದರೆ ನಾವು ಬ್ಯಾಂಕಿನಲ್ಲಿ ನೆನಪಿನಿಂದ ತೀರ್ಮಾನ ಮಾಡುತ್ತಿರಲಿಲ್ಲ, ಮಾದರಿ ಸಹಿಯ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟು ನೋಡುತ್ತಿದ್ದೆವು. ಇಲ್ಲೂ ಹಾಗೆಯೇ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆಯ ಚೂರನ್ನು ತಣ್ಣಗೆ ಗಟ್ಟಿಮಾಡಿ, ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಕೊಡುವ ಸೌಕರ್ಯ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದನ್ನು ನೋಡಿ ಎಷ್ಟು ತೆಗೆಯಬೇಕು ಎಂದು ಸರ್ಜನ್ ನಿರ್ಧರಿಸುತ್ತಾರೆ. ಪೂರ್ತಿ ವರದಿ ಬರಲು ಕೆಲವು ದಿನ ಬೇಕು. ಆ ದಿನಗಳು ಮನೆಯವರಿಗೆ ಬಹಳ ಉದ್ದವಾಗಿ ಕಾಣುತ್ತವೆ. ಆದರೆ ಆ ಕಾಗದ ಬರುವ ಮುಂಚೆ ಅಳುವುದೂ ತಪ್ಪು, ‘ಏನೂ ಇಲ್ಲ ಬಿಡಿ’ ಎನ್ನುವುದೂ ತಪ್ಪು.

ಎಲ್ಲ ಗಡ್ಡೆಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹರೆಯದವರಲ್ಲಿ ಎಷ್ಟೋ ನೀರಿನ ಸಿಸ್ಟುಗಳು ಎರಡು ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. ವಯಸ್ಸಾದವರಲ್ಲೂ 5 ಸೆಂಟಿಮೀಟರಿಗಿಂತ ಚಿಕ್ಕದಾದ, ಬರೀ ನೀರು ತುಂಬಿದ ಸಿಸ್ಟ್ ಇದ್ದು, ರಕ್ತದ ಅಂಕಿ ಸರಿಯಾಗಿದ್ದರೆ, ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನಿಂಗ್ ಮಾಡಿ ನೋಡೋಣ ಎನ್ನುತ್ತಾರೆ. ತೆಗೆಯಲೇಬೇಕಾದರೂ ಅನೇಕ ವೇಳೆ ಸಣ್ಣ ತೂತುಗಳ ಮೂಲಕ ತೆಗೆಯಬಹುದು. ಚಿಕ್ಕ ವಯಸ್ಸಿನವರಲ್ಲಿ ಗಡ್ಡೆಯನ್ನಷ್ಟೇ ತೆಗೆದು ಅಂಡಾಶಯ ಉಳಿಸಲು ನೋಡುತ್ತಾರೆ. ಇನ್ನೊಂದು ಮಾತು ನೆನಪಿರಲಿ: ಶಾಲೆಗೆ ಹೋಗುವ ಹುಡುಗಿಯೇ ಇರಲಿ, ಅಜ್ಜಿಯೇ ಇರಲಿ, ಕಿಬ್ಬೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಗಡ್ಡೆಯಿಂದಾಗಿ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು. ಕೂಡಲೇ ಹೋದರೆ ಅಂಡಾಶಯ ಉಳಿಯಬಹುದು.

ಈಗ ಅಜ್ಜಿಯರಿಗೆ ಕೆಲವು ಮಾತು. ನನ್ನ ಸೋದರತ್ತೆಯೊಬ್ಬರು ಹೊಟ್ಟೆ ಉಬ್ಬರವೆಂದು ಒಂದು ವರ್ಷ ಜೀರಿಗೆ ಕಷಾಯ, ಇಂಗಿನ ನೀರು ಕುಡಿದರು. ಕುಪ್ಪಸ ಬಿಗಿಯಾದರೆ ಹೊಲಿಗೆ ಬಿಚ್ಚಿಸಿಕೊಂಡರು, ಸೆರಗು ಅಗಲ ಹೊದ್ದುಕೊಂಡರು, ಯಾರಿಗೂ ಹೇಳಲಿಲ್ಲ. ‘ಈ ವಯಸ್ಸಿನಲ್ಲಿ ಸ್ಕ್ಯಾನಿಂಗಿಗೆ ಹೋದರೆ ಬಸುರಿಯರ ನಡುವೆ ಕೂರಬೇಕು, ನಗುತ್ತಾರೆ’ ಎಂಬ ಸಂಕೋಚ ಅವರಿಗೆ. ಕೊನೆಗೆ ಮಗಳು ಬಲವಂತವಾಗಿ ಕರೆದುಕೊಂಡು ಹೋದಳು. ತೆಂಗಿನಕಾಯಿ ಗಾತ್ರದ ಸಿಸ್ಟ್ ಇತ್ತು. ತೆಗೆದರು, ಕ್ಯಾನ್ಸರ್ ಇರಲಿಲ್ಲ. ಆಮೇಲೆ ಅತ್ತೆ ಹದಿನಾಲ್ಕು ವರ್ಷ ಮೊಮ್ಮಕ್ಕಳಿಗೆ ಚಕ್ಕುಲಿ ಒತ್ತಿಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಆ ಒಂದು ವರ್ಷ ಅವರು ಒಬ್ಬರೇ ಹೆದರಿಕೊಂಡಿದ್ದರಲ್ಲ, ಅದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಅದು ಕ್ಯಾನ್ಸರೇ ಆಗಿದ್ದರೆ ಆ ವರ್ಷ ಮತ್ತೆ ಸಿಗುತ್ತಿರಲಿಲ್ಲ.

ಸ್ಕ್ಯಾನಿಂಗ್ ಬಸುರಿಯರಿಗೆ ಮಾತ್ರವಲ್ಲ. ಹೊಟ್ಟೆ ಉಬ್ಬರ ಎರಡು ಮೂರು ವಾರವಾದರೂ ಇಳಿಯದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾದರೆ, ಕಿಬ್ಬೊಟ್ಟೆ ನೋಯುತ್ತಿದ್ದರೆ, ಮೈ ಸೊರಗಿ ಹೊಟ್ಟೆ ಮಾತ್ರ ದಪ್ಪವಾದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಡಾಕ್ಟರಿಗೆ ಹೇಳಿ. ಬರೀ ಗ್ಯಾಸ್ ಮಾತ್ರೆ ತರಿಸಿ ನುಂಗಬೇಡಿ. ಹಳೆಯ ವರದಿಗಳನ್ನು ಒಂದು ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ. ಗಡ್ಡೆ ಬೆಳೆಯುತ್ತಿದೆಯೇ, ಹಾಗೇ ಇದೆಯೇ ಎಂದು ತಿಳಿಯಲು ಡಾಕ್ಟರಿಗೆ ಹಳೆಯ ಅಳತೆ ಬೇಕು.

ಮೊಮ್ಮಕ್ಕಳಿಗೂ ಕೆಲಸವಿದೆ. ಆ ಚೀಲ ಜೋಡಿಸುವ ಕೆಲಸ ನಿಮ್ಮದು. ಅಜ್ಜಿ ಮೊದಲಿನಷ್ಟು ಊಟ ಮಾಡುತ್ತಿಲ್ಲ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರೆ ಎಂದು ಮನೆಯಲ್ಲಿ ಮೊದಲು ಗಮನಿಸುವವರು ನೀವೇ. ಅಮ್ಮನಿಗೆ ಹೇಳಿ. ಅಜ್ಜಿ ‘ಏನಿಲ್ಲ ಮಗಾ’ ಎಂದರೆ ಇನ್ನೊಂದು ಸಲ ಕೇಳಿ. ಆಸ್ಪತ್ರೆಗೆ ಹೊರಟರೆ ಜೊತೆಗೆ ಹೋಗಿ, ಸ್ಕ್ಯಾನಿಂಗ್ ಸರದಿಗಾಗಿ ಕಾಯುವಾಗ ಪಕ್ಕದಲ್ಲಿ ಕೂತು ಕುದುರೆಯ ಮೇಲೆ 60 ಮೈಲಿ ಹೋದ ಜೇನ್ ಕಥೆ ಹೇಳಿ. ಆಕೆಗೆ ಸ್ಕ್ಯಾನಿಂಗ್ ಇರಲಿಲ್ಲ, ಅರಿವಳಿಕೆ ಇರಲಿಲ್ಲ. ನಮ್ಮ ಅಜ್ಜಿಗೆ ಎರಡೂ ಇವೆ, ಮೇಲೆ ಕೈ ಹಿಡಿದುಕೊಳ್ಳಲು ನೀವೂ ಇದ್ದೀರಿ.